ಜರ್ಮನ್ ಮೇಡಮ್ಮನೂ ನನ್ನ ಬೋರ್ಡೂ

ಊಟ ಹಾಕುವ ಕೆಲಸದಲ್ಲಿ ಇರುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹಸಿದುಕೊಂಡು ಬಂದು ಪಂಕ್ತಿಯಲ್ಲಿ ಕೂಡುತ್ತವೆ. ನಾನು ಪುಣೆಯ ಪೇಟೆಯಲ್ಲಿ ಖಾನಾವಳಿ ಹಾಕಿದ ದಿನದಿಂದ ಹೀಗೆ ನಡೆದೇ ಇದೆ. ಆದರೆ ಎರಡನೆಯ ದೊಡ್ಡ ಯುದ್ಧಕ್ಕೆ ಕೆಲವು ವರ್ಷ ಮುಂಚೆ, ದಂಡಿನವರಿದ್ದ ಕ್ಯಾಂಪಿನ ಜರ್ಮನ್ ಹೋಟೆಲಿಗೆ ನಾವು ಮೂವರು ಹೋಗಿ ಬರುತ್ತಿದ್ದೆವಲ್ಲ, ಆಗ ನಕ್ಕಷ್ಟು ಮುಂದೆ ಯಾವತ್ತೂ ನಕ್ಕಿಲ್ಲ. ನನ್ನನ್ನು ನೋಡಿ ಮಂದಿ ನಕ್ಕದ್ದೂ ಅದರಲ್ಲಿ ಸೇರಿದೆ. ಅದನ್ನೂ ಬರೆಯುತ್ತೇನೆ, ಬಿಡುವುದಿಲ್ಲ.

ಅರ್ಧ ರೊಟ್ಟಿ

ನನ್ನ ಖಾನಾವಳಿಯ ಬಾಗಿಲ ಮೇಲೆ ಒಂದು ಬೋರ್ಡು ಇದೆ: "ಸಾಕು ಅನ್ನುವವರೆಗೆ ಊಟ". ಬರೆದದ್ದು ನಾನೇ. ಗಂಡ ತೀರಿಕೊಂಡಾಗ ನನಗೆ ರೊಟ್ಟಿ ಬಡಿಯುವುದೊಂದು ಬಿಟ್ಟು ಏನೂ ಬರುತ್ತಿರಲಿಲ್ಲ. ಊರಿನಿಂದ ಬ್ಯಾಡಗಿ ಮೆಣಸಿನಕಾಯಿ ಕಟ್ಟಿಕೊಂಡು ಬಂದ ಕನ್ನಡ ಪತ್ರಿಕೆಯ ಹಾಳೆಗಳನ್ನು ಒಲೆಯ ಮುಂದೆ ಬಿಡಿಸಿ ಬಿಡಿಸಿ ಅಕ್ಷರ ಕಲಿತೆ. ಓದುವಾಗ ಕಣ್ಣಲ್ಲಿ ನೀರು ಬಂದರೆ ಅದು ಕಥೆಗೋ ಖಾರಕ್ಕೋ ಹೇಳುವುದು ಕಷ್ಟವಾಗುತ್ತಿತ್ತು. ಹಾಗೆ ಕಲಿತ ಮೇಲೆ ಕೈಯಾರೆ ಬರೆದ ಮೊದಲ ಸಾಲು ಆ ಬೋರ್ಡಿನದು. "ಏನಂತ ಬರದೀರಿ?" ಎಂದು ಮರಾಠಿ ಮಂದಿ ಕೇಳಿದರೆ, "ಒಳಗ ಬಂದು ಉಂಡು ನೋಡ್ರಿ" ಅನ್ನುತ್ತಿದ್ದೆ.

ಒಂದು ಶನಿವಾರ ನಮ್ಮ ರಾಯರು ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟರು. ರಾಯರೆಂದರೆ ಮಿಲಿಟರಿ ಲೆಕ್ಕದ ಆಫೀಸಿನ ಕಾರಕೂನರು, ಧಾರವಾಡದ ಕಡೆಯವರು, ನನ್ನ ಅತಿ ಹಳೆಯ ಗಿರಾಕಿ. ಮಾತಿಗೆ ಮಾತು ಬೆಳೆಸದೆ ಕೈ ತೊಳೆಯುವವರಲ್ಲ.

"ಯಾಕ್ರಿ ರಾಯರ, ರೊಟ್ಟಿ ಗಟ್ಟಿ ಆಗ್ಯಾವೇನು?"

"ಇಲ್ರಿ ಅಕ್ಕಾರ. ಕ್ಯಾಂಪಿನ್ಯಾಗ ಹೊಸಾ ಜರ್ಮನ್ ಹೋಟೆಲ್ ಆಗ್ಯದ. ಆಫೀಸಿನವರ ಜೋಡಿ ಹೋಗಿದ್ದೆ. ಆ ಮೇಡಮ್ಮ ಬಟಾಟಿ ಪಲ್ಯಾ ಮಾಡ್ತಾಳ ನೋಡ್ರಿ… ತಣ್ಣಗದ, ಹುಳಿ ಅದ, ಆದ್ರೂ ಏನ್ ರುಚಿ ಅಂತೀರಿ! ಅಲ್ಲೇ ಹೊಟ್ಟಿ ತುಂಬಿಬಿಡ್ತು."

ತಣ್ಣಗಿನ ಬಟಾಟಿ ಪಲ್ಯ! ನಾನು ತಣ್ಣಗಿನ ಪಲ್ಯ ಬಡಿಸಿದ್ದರೆ ಇದೇ ರಾಯರು ತಾಟು ಗೋಡೆಗೆ ನೂಕುತ್ತಿದ್ದರು. ನನಗೆ ತಡೆಯಲಿಲ್ಲ. ಉಣ್ಣುತ್ತಿದ್ದ ಎಲ್ಲರ ಎದುರಿಗೆ ಹೇಳಿಬಿಟ್ಟೆ: "ಆ ಮೇಡಮ್ಮನ್ನ ಕರಕೊಂಡು ಬಂದು ನನ್ನ ಎಲಿ ಮುಂದ ಕೂಡಸ್ತೀನಿ. ಆಕಿ ತನ್ನ ಬಾಯಿಂದ 'ಸಾಕು' ಅನ್ನಬೇಕು. ಅನ್ನಲಿಲ್ಲಂದ್ರ ಈ ಬೋರ್ಡು ಇಳಸ್ತೀನಿ!"

"ಆಕಿಗೆ ಕನ್ನಡ ಬರೂದಿಲ್ಲಲ್ರಿ?" ಅಂದರು ರಾಯರು.

"ಹೊಟ್ಟಿ ತುಂಬಿದ್ರ ಯಾವುದರೆ ಭಾಷಾದಾಗ ಅಂತಾಳ."

"ಆತು. ಆದ್ರ 'ಬ್ಯಾಡ' ಅಂದ್ರ ಹಿಡಿಯಂಗಿಲ್ರಿ. 'ಬ್ಯಾಡ' ಎಲ್ಲಾರೂ ಅಂತಾರ. 'ಸಾಕು' ಅಂತನ ಅನಬೇಕು."

"ಆತು" ಅಂದೆ. ಆಮೇಲೆ ಆ ಅರ್ಧ ರೊಟ್ಟಿಯ ಮುಂದೆ ಸೌಟು ಹಿಡಿದು ನಿಂತೆ. ರಾಯರು ನನ್ನ ಮುಖ ನೋಡಿದರು, ತುತ್ತು ಮುರಿದರು. ಕೊನೆಯ ತುತ್ತಿಗೆ ಅವರ ಬಾಯಿಂದ "ಸಾಕ್ರಿ ಅಕ್ಕಾರ" ಎಂದು ಬಂತು.

"ನೋಡಿದಿರಿಲ್ಲೋ" ಅಂದೆ, "ಬೋರ್ಡು ಇನ್ನೂ ಕೆಲಸಾ ಮಾಡ್ತದ."

ಬಾಗಿಲ ಮುಂದಿನ ಬೂಟು

ವೈರಿಯ ಊಟ ನೋಡದೆ ಪಂಥಕ್ಕೆ ಇಳಿಯುವುದು ಹೇಗೆ? ಮುಂದಿನ ವಾರವೇ ಹೊರಟೆ. ಜೊತೆಗೆ ಇಬ್ಬರು. ಒಬ್ಬಳು ನರ್ಸಕ್ಕ. ಹುಬ್ಬಳ್ಳಿ ಕಡೆಯ ಕ್ರೈಸ್ತರವಳು, ಇಲ್ಲಿ ದವಾಖಾನೆಯಲ್ಲಿ ನರ್ಸು. ಇನ್ನೊಬ್ಬ ಶಿಂಪಿ ಮಾವ, ಕ್ಯಾಂಪಿನಲ್ಲಿ ಸಾಹೇಬರ ಕೋಟು ಹೊಲಿಯುವ ನಮ್ಮ ಕಡೆಯ ಶಿಂಪಿಗ. ಮೇಡಮ್ಮನ ಬಿಳಿ ಏಪ್ರನ್ನುಗಳನ್ನು ಹೊಲಿದುಕೊಟ್ಟವನು ಅವನೇ ಆದ್ದರಿಂದ, ಆ ಹೋಟೆಲು ಅರ್ಧ ತನ್ನದೇ ಎಂಬಂತೆ ಮಾತಾಡುತ್ತಿದ್ದ.

ಟಾಂಗಾ ಹತ್ತುವಾಗ ಬಾಜು ಮನೆಯ ಮುದುಕಿ ಕಿಟಕಿಯಿಂದ ಕೇಳಿದಳು: "ಏನವಾ, ಗಂಡಿಲ್ಲದ ಹೆಂಗಸು ಹೋಟೆಲಿಗೆ ಹೊಂಟೀಯಲ್ಲ?"

"ಹೂನ್ರಿ ಆಯಿ. ಅಕ್ಕಸಾಲಿ ಇನ್ನೊಬ್ಬ ಅಕ್ಕಸಾಲಿ ಅಂಗಡಿ ನೋಡಾಕ ಹೋಗಂಗಿಲ್ಲೇನು?" ಅಂದೆ. ಟಾಂಗಾ ಹೊರಟಿತು.

ಹೋಟೆಲಿನ ಬಾಗಿಲಿಗೆ ಬಂದು ನೋಡಿದರೆ ಒಳಗಿನ ನೆಲ ಕನ್ನಡಿ. ಅಷ್ಟು ಸ್ವಚ್ಛ ನೆಲದ ಮೇಲೆ, ಅದೂ ಅನ್ನ ತಿನ್ನುವ ಜಾಗದಲ್ಲಿ, ಕ್ಯಾಂಪಿನ ಧೂಳಿನ ಚಪ್ಪಲಿ ತುಳಿಯುವುದೇ? ಮೂವರೂ ಹೊಸ್ತಿಲ ಹೊರಗೆ ಬಿಟ್ಟು, ಸಾಲಾಗಿ ಜೋಡಿಸಿ ಒಳಗೆ ಹೋಗಿ ಕೂತೆವು.

ನಮ್ಮ ಹಿಂದೆಯೇ ಪಾರ್ಸಿ ದಂಪತಿ ಬಂದರು. ಚಪ್ಪಲಿ ನೋಡಿ ನಿಂತರು. ಹೆಂಡತಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಬೂಟು ಬಿಚ್ಚಿದರು. ಆಮೇಲೆ ಬಂದವರು ಇಬ್ಬರು ಎಳೆ ವಯಸ್ಸಿನ ಪಲ್ಟಣದ ಸಾಹೇಬರು. ಐದು ಜೊತೆ ನೋಡಿ ಅವರೂ ಬಿಚ್ಚಿದರು. ಕಡೆಗೆ ಒಬ್ಬ ಎತ್ತರದ ಸಾಹೇಬರು ಬಂದರು. ಮೊಣಕಾಲ ತನಕ ಲೇಸು. ಮೆಟ್ಟಿಲ ಮೇಲೆ ಕೂತು, ಒಂದೊಂದೇ ಗಂಟು ಬಿಡಿಸುತ್ತ, ಜರ್ಮನಿಯನ್ನು ಬೈಯುತ್ತ, ಬಿಚ್ಚಿಯೇ ಬಿಟ್ಟರು. ಅವರ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. "ಕೂತಲ್ಲೇ ಹೊಲದು ಕೊಡ್ಲೇನು?" ಎಂದು ಮಾವ ಏಳುವುದರಲ್ಲಿದ್ದ, ಎಳೆದು ಕೂಡಿಸಿದೆ.

ಮೇಡಮ್ಮ ಅಡಿಗೆಮನೆಯಿಂದ ಬಂದಳು. ಎತ್ತರದ ದಪ್ಪ ಹೆಂಗಸು, ತೋಳು ಮಡಚಿದ ಕೈ, ಕೆಂಪು ಗಲ್ಲ. ಬಾಗಿಲು ನೋಡಿದಳು, ಎಲ್ಲರ ಕಾಲು ನೋಡಿದಳು, ತನ್ನ ಕಾಲಿನ ಬೂಟು ನೋಡಿಕೊಂಡಳು. ಒಳಗೆ ಹೋಗಿ ಬರಿಗಾಲಲ್ಲಿ ಹೊರಗೆ ಬಂದಳು.

ಮುಂದಿನ ವಾರ ಬಾಗಿಲ ಹೊರಗೆ ಬೂಟು ಇಡಲು ಕಟ್ಟಿಗೆಯ ಹಲಗೆ ಬಂದಿತ್ತು. ಜರ್ಮನಿಯಲ್ಲಿ ಹೀಗೆಯೇ ಪದ್ಧತಿಯಂತೆ ಎಂದು ಒಬ್ಬ ಸಾಹೇಬರು ಇನ್ನೊಬ್ಬ ಸಾಹೇಬರಿಗೆ ಹೇಳುವುದನ್ನು ಮಾವ ತನ್ನ ಅಂಗಡಿಯಲ್ಲಿ ಕೇಳಿದನಂತೆ.

ನರ್ಸಕ್ಕನ ಜರ್ಮನ್

ಆ ಮೊದಲ ದಿನ ಟಾಂಗಾದಲ್ಲಿ ಬರುವಾಗ ನರ್ಸಕ್ಕ ಒಂದು ಮಾತು ಹೇಳಿದ್ದಳು: "ನನಗ ಜರ್ಮನ್ ಬರ್ತದ." ಸಣ್ಣವಳಿದ್ದಾಗ ಅವಳು ಓದಿದ್ದು ಜರ್ಮನ್ ಪಾದ್ರಿಗಳ ಸಾಲೆಯಲ್ಲಿ. ಹಾಗಾಗಿ ಮೇಡಮ್ಮ ಬಂದು ಏನು ತರಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ ಕೂಡಲೆ ನಾನು ನರ್ಸಕ್ಕನನ್ನು ತಿವಿದೆ: "ಇಂಗ್ಲಿಷ್ ಯಾಕ? ಅಕಿ ಭಾಷಾದಾಗ ಹೇಳು."

ನರ್ಸಕ್ಕನ ಮುಖದ ಬಣ್ಣ ಇಳಿಯಿತು. ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಜಾತಿ ಅವಳದಲ್ಲ. ಎದ್ದು ನಿಂತಳು. ಕೈ ಜೋಡಿಸಿದಳು. ಕಣ್ಣು ಮುಚ್ಚಿದಳು. ಒಂದೇ ಉಸಿರಿಗೆ ಏನೋ ಹೇಳತೊಡಗಿದಳು.

ಮೇಡಮ್ಮ ಮೊದಲು ಬೆರಗಾದಳು. ಆಮೇಲೆ ತಾನೂ ಕೈ ಜೋಡಿಸಿ ತಲೆ ಬಾಗಿಸಿದಳು. ಅದನ್ನು ನೋಡಿ ಸಾಹೇಬರು ಎದ್ದು ನಿಂತರು. ಪಾರ್ಸಿಗಳೂ ಎದ್ದರು. ಎಲ್ಲರೂ ಎದ್ದ ಮೇಲೆ ನಾವಿಬ್ಬರು ಕೂತಿರುವುದು ಹೇಗೆ? ನಾವೂ ಎದ್ದೆವು. ಇಡೀ ಹೋಟೆಲು ಬರಿಗಾಲಲ್ಲಿ ತಲೆ ತಗ್ಗಿಸಿ ನಿಂತಿತು. ನರ್ಸಕ್ಕ ಆಮೆನ್ ಎಂದು ಕೂತಳು.

ಮೇಡಮ್ಮ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಕರ್ರಗಿನ ದೊಡ್ಡ ರೊಟ್ಟಿಯೊಂದನ್ನು ಎರಡೂ ಕೈಯಲ್ಲಿ ತಂದು ನಮ್ಮ ಮುಂದೆ ಇಟ್ಟಳು.

"ಶಾಣ್ಯಾ ಇದ್ದೀ ಬಿಡು!" ಅಂದೆ. "ಹೆಂಗ ಕೇಳಿದಿ?"

ನರ್ಸಕ್ಕ ಸೆರಗಿನಿಂದ ಬೆವರು ಒರೆಸಿಕೊಂಡಳು. "ಪಾದ್ರಿಗಳು ಕಲಿಸಿದ ಪ್ರಾರ್ಥನಾ ಅದು. ನನಗ ಬರೂ ಜರ್ಮನ್ ಅಷ್ಟ. ನಡುವ ಒಂದ್ ಕಡೆ, ಇವತ್ತಿನ ರೊಟ್ಟಿ ನಮಗ ಕೊಡು ಅಂತ ಬರ್ತದ. ಆಕಿ ಅದನ್ನ ಹಿಡಕೊಂಡಾಳ."

"ಛಲೋ ಆತು. ಈಗ ಬೆಣ್ಣಿ ಹೇಳು."

"ಅದರಾಗ ಬೆಣ್ಣಿ ಇಲ್ಲವಾ."

"ಬಟಾಟಿ ಪಲ್ಯಾ?"

"ಇಲ್ಲ."

"ಮತ್ತ ಏನದ?"

"ರೊಟ್ಟಿ ಆದಮ್ಯಾಲೆ ಬರೇ ಪಾಪ, ಕೇಡು ಇವ ಅದಾವ."

ನೊರೆ

ಮಾವನಿಗೆ ಬೇಕಾದದ್ದು ರೊಟ್ಟಿಯಲ್ಲ, ಬಿಯರು. ನಾನು ಅದನ್ನು ಕುಡಿಯುವವಳಲ್ಲ. ಆದರೆ ವೈರಿಯ ಸರಕು ಪೂರ್ತಿ ನೋಡಲೇಬೇಕಲ್ಲ, ಮೂರು ಗ್ಲಾಸು ತರಿಸಿದೆವು.

ಮೇಡಮ್ಮ ಗ್ಲಾಸನ್ನು ಓರೆ ಹಿಡಿದು, ಬಿಯರನ್ನು ಅದರ ಗೋಡೆಗುಂಟ ಇಳಿಸಿ, ಕಡೆಗೆ ನೆಟ್ಟಗೆ ಮಾಡಿ, ಮೇಲೆ ಪೇಟಾ ಸುತ್ತಿದ ಹಾಗೆ ಬಿಳಿ ನೊರೆ ನಿಲ್ಲಿಸಿ ಇಟ್ಟು ಹೋದಳು. ನಾನು ನೋಡಿದೆ. ಹುಟ್ಟಿದಾಗಿನಿಂದ ಒಲೆಯ ಮುಂದೆ ಕೂತವಳು ನಾನು. ಬೇಳೆ ಕುದಿಯುವಾಗ ನೊರೆ ಬಂದರೆ ಅದು ಹೊಲಸು. ಬೆಲ್ಲದ ಪಾಕದ ಮೇಲೆ ಬಂದರೂ ಹೊಲಸೇ. ತೆಗೆದು ಚೆಲ್ಲದವಳನ್ನು ನಮ್ಮ ಕಡೆ ಅಡಿಗೆಯವಳು ಅನ್ನುವುದೇ ಇಲ್ಲ.

"ನೆಲಾ ಇಷ್ಟು ತಿಕ್ಯಾಳ, ಇದನ್ನ ಹಂಗ ಬಿಟ್ಟಾಳ ನೋಡು" ಎಂದು ಚಮಚ ತೆಗೆದುಕೊಂಡು, ಮೂರೂ ಗ್ಲಾಸಿನ ನೊರೆಯನ್ನು ಸಾವಕಾಶ ಎತ್ತಿ ಸಣ್ಣ ತಟ್ಟೆಗೆ ಹಾಕಿದೆ. ಕೆಳಗೆ ಒಳ್ಳೆ ತಿಳಿ ನಿಂತಿತ್ತು.

ಮೇಡಮ್ಮ ಬಟಾಟಿ ಪಲ್ಯ ತಂದವಳು ಗ್ಲಾಸು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ಮೂರನ್ನೂ ಎತ್ತಿಕೊಂಡು ಹೋಗಿ, ಮೊದಲಿಗಿಂತ ಎತ್ತರ ನೊರೆ ಕಟ್ಟಿ ತಂದಳು. ಪಾಪ, ಗಡಿಬಿಡಿಯಲ್ಲಿ ಇನ್ನೂ ಹೊಲಸು ತಂದಳು ಎಂದು ನಾನು ಮತ್ತೆ ಚಮಚ ಹಿಡಿದೆ. ಮೂರನೆಯ ಸಲ ಅವಳು ಹೋಗಲಿಲ್ಲ. ಕೈ ಕಟ್ಟಿಕೊಂಡು ನಮ್ಮ ತಲೆಯ ಮೇಲೆಯೇ ನಿಂತಳು. ಮೂವರೂ ಹೆದರಿ ನೊರೆ ಸಮೇತ ಕುಡಿದೆವು. ಮಾವನ ಮೀಸೆ ಬೆಳ್ಳಗಾಯಿತು. ನನಗೆ ಹೇಗಿತ್ತೆಂದರೆ, ಮೆಂತ್ಯ ಕುದಿಸಿದ ನೀರಿಗೆ ಸಿಟ್ಟು ಬಂದ ಹಾಗೆ. ಒಂದು ಗುಟುಕಿಗೆ ಬಿಟ್ಟೆ.

ಬಟಾಟಿ ಪಲ್ಯದ ವಿಷಯ? ಚೆನ್ನಾಗಿತ್ತು. ರಾಯರಿಗೆ ಹೇಳಲಿಲ್ಲ.

ಮುಂದಿನ ವಾರ ಹೋದಾಗ ನಮ್ಮ ಮೇಜಿನ ಮೇಲೆ ಫೋರ್ಕು ಇತ್ತು, ಚಾಕು ಇತ್ತು. ಚಮಚ ಮಾತ್ರ ಇರಲಿಲ್ಲ.

ಮಾವನ ಒಣ ಸಂಜೆ

ಮಾವ ಆ ವಾರವೆಲ್ಲ ಬಿಯರಿನದೇ ಧ್ಯಾನದಲ್ಲಿದ್ದ. ಹೋದ ಕೂಡಲೆ ಒಂದು ಗ್ಲಾಸು ಮುಗಿಸಿದ. ಮೇಡಮ್ಮನ ಹೋಟೆಲಿನಲ್ಲಿ ಗ್ಲಾಸಿನ ಕೆಳಗೆ ದುಂಡಗಿನ ದಪ್ಪ ರಟ್ಟು ಇಡುತ್ತಿದ್ದರು. ಗ್ಲಾಸು ಖಾಲಿಯಾದರೆ ಅವಳು ಕೇಳದೆಯೇ ತುಂಬುವುದಕ್ಕೆ ಬರುತ್ತಿದ್ದಳು. ಹಾಗೆಯೇ ಮಾವನ ಹತ್ತಿರವೂ ಹೂಜಿ ಹಿಡಿದು ಬಂದಳು.

ಮಾವ ಮರ್ಯಾದಸ್ಥರ ಮನೆಯವನು. ಕೇಳಿದ ಕೂಡಲೆ ನೀಡಿಸಿಕೊಳ್ಳುವುದು ಆಸೆಬುರುಕತನ ಎಂದು ತಾಯಿ ಕಲಿಸಿದ್ದಾಳೆ. ಅಂಗೈಯಿಂದ ಗ್ಲಾಸು ಮುಚ್ಚಿ, ತಲೆ ಬಾಗಿಸಿ, "ಬ್ಯಾಡ್ರಿ ಮೇಡಮ್, ಸಾಕು, ಸಾಕು" ಅಂದ.

"ಗುಡ್" ಅಂದಳು ಮೇಡಮ್ಮ. ರಟ್ಟನ್ನು ಎತ್ತಿ ಗ್ಲಾಸಿನ ಬಾಯಿಯ ಮೇಲೆ ಮುಚ್ಚಿ ಹೋದಳು.

ಮಾವ ತಲೆ ಎತ್ತಲಿಲ್ಲ. ಒತ್ತಾಯಕ್ಕೆ ಕಾಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ತಲೆ ಬಾಗಿಸಿಕೊಂಡೇ ಕೇಳಿದ: "ಹೋದಳೇನು?"

"ಹೋದಳು."

"ಇನ್ನೊಮ್ಮೆ ಕೇಳಲೇ ಇಲ್ಲಲ್ಲ?"

"ಇಲ್ಲ."

"ಖರೇನ ಹೋದಳು?"

ಆಮೇಲೆ ನಮಗೆ ತಿಳಿಯಿತು. ಅವಳ ಊರಿನಲ್ಲಿ ಗ್ಲಾಸಿನ ಮೇಲೆ ಕೈಯೋ ರಟ್ಟೋ ಬಿತ್ತೆಂದರೆ ಮುಗಿಯಿತು, ಇನ್ನು ಕೇಳುವುದೇ ಅಪಮಾನ. ನಮ್ಮಲ್ಲಿ ಮೊದಲನೆಯ ಸಾಕು ಉಣ್ಣುವವರ ಮರ್ಯಾದೆ, ಅದನ್ನು ಕೇಳಿಸಿಕೊಳ್ಳದೆ ಇರುವುದು ಬಡಿಸುವವರ ಮರ್ಯಾದೆ. ಎಲೆಯ ಮೇಲೆ ಅಡ್ಡ ಮಲಗಿದರೆ ಆಗ ನಂಬುತ್ತೇವೆ, ಅದೂ ಅರ್ಧ.

ಮಾವ ಸಂಜೆಯೆಲ್ಲ ಒಣಗಿದ. ಮೇಡಮ್ಮ ಹಾದುಹೋದಾಗಲೆಲ್ಲ ಕೆಮ್ಮಿದ. ಅವಳು ರಟ್ಟಿನ ಕಡೆ ನೋಡಿ, ಒಳ್ಳೆಯ ಮನುಷ್ಯ ಎಂಬಂತೆ ನಕ್ಕು ಹೋದಳು. "ಕೇಳಿ ತರಿಸ್ಕೊ ಮಾವ" ಅಂದರೆ, "ಸಾಕು ಅಂದ ಬಾಯಿಲೆ ಕೊಡು ಅಂತ ಹೆಂಗ ಅನ್ನಲಿ?" ಅಂದ. ಟಾಂಗಾದಲ್ಲಿ ಪೇಟೆ ಬರುವವರೆಗೆ ಗೊಣಗಿದ: "ಒಂದ ಸಲ ಕೇಳಿ ಬಿಟ್ಟುಬಿಡತಾರಂದ್ರ, ಅದ್ಯಾತರ ಸುಧಾರಿಸಿದ ದೇಶವಾ!"

ಅದಕ್ಕೆ ಮುಂದಿನ ಸಲ ಮಾವ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ, ತಪ್ಪಿ ಗ್ಲಾಸಿನ ಮೇಲೆ ಹೋದಾವೆಂದು. ಮೇಡಮ್ಮ ತುಂಬಿದಳು. ತುಂಬಿದ್ದನ್ನು ಬಿಡುವುದು ಪಾಪ ಎಂದೂ ತಾಯಿ ಕಲಿಸಿದ್ದಾಳೆ, ಮಾವ ಕುಡಿದ. ಮತ್ತೆ ತುಂಬಿದಳು, ಮತ್ತೆ ಕುಡಿದ. ಕಡೆಗೆ ಕೊರಳಿನ ಟೇಪು ತೆಗೆದು, ಹೆಬ್ಬೆರಳಿನ ಆ ಎತ್ತರದ ಸಾಹೇಬರ ಹತ್ತಿರ ಹೋಗಿ, "ಎದ್ದು ನಿಂದರ್ರಿ" ಅಂದ. ಟೇಪು ಕಂಡ ಸಾಹೇಬರು ರೂಢಿಯಂತೆ ಎದ್ದು ಕೈ ಚಾಚಿ ನಿಂತರು. ಎದೆ, ಸೊಂಟ, ತೋಳು ಎಲ್ಲ ಆಯಿತು. "ಹೊಟ್ಟಿ ಭಾಳ ಬಂದದ, ಸಾಹೇಬ್ರ. ಬಟ್ಟಿ ಜಾಸ್ತಿ ಬೇಕಾಗ್ತದ" ಎಂದು ಕನ್ನಡದಲ್ಲಿಯೇ ಹೇಳಿ ಬಂದು ಕೂತ.

ಮರುದಿನ ಸಾಹೇಬರು ಅಂಗಡಿಗೆ ಬಂದು ಕೋಟು ಯಾವಾಗ ಆಗುತ್ತದೆ ಎಂದು ಕೇಳಿದರಂತೆ. ಮಾವನಿಗೆ ಅಳತೆ ನೆನಪಿರಲಿಲ್ಲ. ಸಾಹೇಬರೂ ನೆನಪಿರಲಿಲ್ಲ.

ಕಲ್ಲು

ಬಟಾಟಿ ಪಲ್ಯದ ಗುಟ್ಟು ತಿಳಿಯದೆ ನನಗೆ ನಿದ್ದೆ ಬರುವ ಹಾಗಿರಲಿಲ್ಲ. ಒಂದು ದಿನ ನರ್ಸಕ್ಕನನ್ನು ಕರೆದುಕೊಂಡು ನೇರ ಮೇಡಮ್ಮನ ಅಡಿಗೆಮನೆಗೆ ನುಗ್ಗಿದೆ. ಅವಳು ಬೇಡ ಅನ್ನಲಿಲ್ಲ, ಕೂಡಲು ಚೌರಂಗ ಕೊಟ್ಟಳು. ಅವಳಿಗೆ ಬರುತ್ತಿದ್ದ ಹಿಂದುಸ್ತಾನಿ ಮೂರೇ ಮಾತು: ಗರಂ, ಸಾಫ್, ಜಲ್ದಿ. ಅಡಿಗೆಯವರ ನಡುವೆ ಅಷ್ಟು ಸಾಕು, ಸಂಸಾರವೇ ನಡೆಯುತ್ತದೆ.

ಮೂಲೆಯಲ್ಲಿ ಕಟ್ಟಿಗೆಯ ಪೀಪಾಯಿ ಇತ್ತು. ಒಳಗೆ ಹೆಚ್ಚಿದ ಎಲೆಕೋಸು, ಉಪ್ಪು ಹಾಕಿ ಹುಳಿ ಬರಿಸಿದ್ದು. ಪಲ್ಯದ ಹುಳಿ ಇದರ ನೀರಿನದೇ ಎಂದು ಮೂಗಿಗೆ ಆಗಲೇ ತಿಳಿಯಿತು. ಮೇಲೆ ಹಲಗೆ, ಹಲಗೆಯ ಮೇಲೆ ಒಂದು ದುಂಡು ಕಲ್ಲು. ನಮ್ಮ ಉಪ್ಪಿನಕಾಯಿ ಭರಣಿಯ ಮೇಲೂ ಇಂಥದೇ ಕಲ್ಲು. ನನಗೆ ತವರುಮನೆಗೆ ಬಂದ ಹಾಗಾಯಿತು. "ಎಲ್ಲಿಂದ ತಂದಿ?" ಎಂದು ಕೇಳಿಸಿದೆ. ತನ್ನ ಊರಿನ ಹೊಳೆಯ ಕಲ್ಲಂತೆ. ತಾಯಿ ಕೊಟ್ಟದ್ದಂತೆ. ಹಡಗಿನಲ್ಲಿ ತಂದಳಂತೆ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಕೇಳಿದೇನ ನರ್ಸಕ್ಕಾ! ಈ ನಾಡಿನ್ಯಾಗ ಕಲ್ಲಿಗೇನು ಬರ? ಹೊರಗ ಕಾಲಿಟ್ರ ಎಡವತೀವಿ. ಈ ಹುಚ್ಚಿ ಸಮುದ್ರ ದಾಟಿ ಕಲ್ಲು ಹೊತ್ತುಕೊಂಡು ಬಂದಾಳ!"

ನರ್ಸಕ್ಕ ಕೇಳಿದಳು: "ನಿನ್ನ ಒಳಕಲ್ಲು ಎಲ್ಲಿದು?"

ನಾನು ಹೊಟ್ಟೆಯಿಂದ ಕೈ ತೆಗೆದೆ. ನನ್ನ ಒಳಕಲ್ಲು ಅತ್ತೆಯ ಕಾಲದ್ದು. ಹುಬ್ಬಳ್ಳಿಯಿಂದ ರೈಲಿನಲ್ಲಿ, ಸೀಟಿನ ಮೇಲೆ ಅದನ್ನು ಕೂಡಿಸಿ, ನಾನು ನೆಲದ ಮೇಲೆ ಕೂತು ತಂದದ್ದು.

ಮೇಡಮ್ಮ ಏನೆಂದು ಕೇಳಿದಳು. ನರ್ಸಕ್ಕ ಇಂಗ್ಲಿಷಿನಲ್ಲಿ ಒಂದೂ ಬಿಡದೆ ಹೇಳಿದಳು. ಮೇಡಮ್ಮ ನಗಲಿಲ್ಲ. ನನ್ನ ಕಡೆ ಬೆರಳು ಮಾಡಿ ಒಂದೇ ಮಾತು ಕೇಳಿದಳು, ನರ್ಸಕ್ಕ ತಿಳಿಸಿದಳು: "ಕಲ್ಲಿಗೆ ಟಿಕೀಟ್ ತಗಿಸಿದ್ದ್ಯೇನು, ಅಂತಾಳ."

ಅವತ್ತೇ ಅವಳನ್ನು ಊಟಕ್ಕೆ ಕರೆದೆ. ಯುದ್ಧ ಶುರುವಾಗಿ ಸರಕಾರ ಜರ್ಮನ್ ಮಂದಿಯನ್ನೆಲ್ಲ ಬೇರೆ ಕಡೆ ಒಯ್ಯುವಾಗ ಅವಳು ಆ ಕಲ್ಲನ್ನು ನನ್ನ ಹತ್ತಿರ ಬಿಟ್ಟು ಹೋದಳು. ಇವತ್ತಿಗೂ ನನ್ನ ಮಾವಿನಕಾಯಿಯ ಮೇಲೆ ಕೂತಿದೆ. ಉಪ್ಪಿನಕಾಯಿ ಕೆಟ್ಟಿಲ್ಲ. ಆದರೆ ಅದು ಆಮೇಲಿನ ಮಾತು. ಈಗ ಪಂಥದ ದಿನಕ್ಕೆ ಬರುತ್ತೇನೆ.

ಬೋರ್ಡಿನ ಕೆಳಗೆ

ಆ ಆದಿತ್ಯವಾರ ನನ್ನ ಗಿರಾಕಿಗಳು ಯಾರೂ ಮೊದಲು ಉಣ್ಣಲಿಲ್ಲ. ಗೋಡೆಗುಂಟ ಕೂತು ನೋಡುವುದಕ್ಕೆ ತಯಾರಾದರು. ರಾಯರು ಪಂಚರು. ನರ್ಸಕ್ಕ ದುಭಾಷಿ. ಮೇಡಮ್ಮ ಬೂಟು ಬಿಚ್ಚಿ, ಬೋರ್ಡಿನ ಕೆಳಗೆ ಹಾದು ಬಂದು, ಮಣೆಯ ಮೇಲೆ ಕಷ್ಟಪಟ್ಟು ಕೂತಳು. ಬಾಳೆ ಎಲೆ ಹಾಕಿದೆ. ಜೋಳದ ರೊಟ್ಟಿ, ಬದನೆ ಎಣ್ಣೆಗಾಯಿ, ಮಡಕೆಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹೋಳಿಗೆ, ತುಪ್ಪ, ಕಟ್ಟಿನ ಸಾರು. ಬೆಳಕು ಹರಿಯುವ ಮುಂಚೆ ಒಲೆ ಹಚ್ಚಿದ್ದೆ.

ಮೇಡಮ್ಮ ಉಂಡಳು. ಉಣ್ಣುವವರನ್ನು ನೋಡಿದರೆ ನನಗೆ ತಿಳಿಯುತ್ತದೆ, ಅವಳು ಮನಸಾರೆ ಉಂಡಳು. ಎಲೆ ಖಾಲಿಯಾಯಿತು. ಖಾಲಿ ಎಲೆ ಇಡುವುದು ನನಗೆ ಅಪಮಾನ, ತುಂಬಿದೆ. ಎಲೆಯಲ್ಲಿ ಬಿಡುವುದು ಅವಳಿಗೆ ಅಪಮಾನ, ಉಂಡಳು. ಮತ್ತೆ ತುಂಬಿದೆ. ಮತ್ತೆ ಉಂಡಳು.

"ಪಾದ್ರಿಗಳೂ ಹಿಂಗ" ಅಂದಳು ನರ್ಸಕ್ಕ. "ತಾಟಿನ್ಯಾಗ ಅಗುಳು ಬಿಟ್ರ ಬೈತಿದ್ರು. ಇದು ಇವತ್ತಿಗೆ ಮುಗ್ಯಾಂಗಿಲ್ಲ."

ಮೇಡಮ್ಮನ ಗಲ್ಲ ಕೆಂಪಾಯಿತು. "ನೋ, ನೋ, ಥ್ಯಾಂಕ್ಯೂ" ಅಂದಳು.

ನಾನು ರಾಯರನ್ನು ನೋಡಿದೆ. ರಾಯರು ತಲೆ ಅಲ್ಲಾಡಿಸಿದರು: "'ಬ್ಯಾಡ' ಅಂದ್ರು. ಹಿಡಿಯಂಗಿಲ್ಲ."

ಹೋಳಿಗೆ ಎತ್ತಿದೆ. ಮೇಡಮ್ಮ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಅಷ್ಟಕ್ಕೆ ನಂಬುತ್ತೇನೆಯೇ? ಕೈಯ ಮೇಲೆಯೇ ಹೋಳಿಗೆ ಹಾಕಿ ತುಪ್ಪ ಬಿಟ್ಟೆ. ಬೆರಳ ಸಂದಿಯಿಂದ ತುಪ್ಪ ಇಳಿಯಿತು. ಅವಳು ಅದನ್ನು ತಿಂದು, ಬೆರಳು ಒರೆಸಿ, ಬಿಚ್ಚದೆ ಬಂದಿದ್ದ ಏಪ್ರನ್ನಿನ ಕಿಸೆಗೆ ಕೈ ಹಾಕಿ, ದುಂಡಗಿನ ರಟ್ಟು ತೆಗೆದು ಎಲೆಯ ನಡುವೆ ಇಟ್ಟಳು.

ಮಾವ ಎದ್ದು ನಿಂತು ಕೂಗಿದ: "ಅಕ್ಕಾ, ಮುಗೀತು! ರಟ್ಟು ಇಟ್ಟಳು! ಇನ್ನ ಕೇಳಬಾರದು, ಅವರ ಪದ್ಧತಿ ಅದು!"

"ಪದ್ಧತಿ ಆಕಿ ಮನಿಯಾಗ" ಎಂದು ರಟ್ಟಿನ ಮೇಲೆ ಇನ್ನೊಂದು ಹೋಳಿಗೆ ಹಾಕಿದೆ.

ಮೇಡಮ್ಮ ಹೋಳಿಗೆ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ನರ್ಸಕ್ಕನ ಕಡೆ ತಿರುಗಿ, ಕೈ ಜೋಡಿಸಿ, ಕಣ್ಣು ಮುಚ್ಚಿ, ತನ್ನ ಭಾಷೆಯಲ್ಲಿ ಒಂದು ಸಾಲು ಹೇಳಿದಳು. ನರ್ಸಕ್ಕ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿಬಿಟ್ಟಳು.

"ಏನಂದಳು? ಸಾಕು ಅಂದಳೇನು?"

"ಇಲ್ಲವಾ… ಅದ ಪ್ರಾರ್ಥನಾ… ರೊಟ್ಟಿ ಆದಮ್ಯಾಲಿನ ಭಾಗ. ದೇವರೇ, ನಮ್ಮನ್ನ ಕೇಡಿನಿಂದ ತಪ್ಪಿಸು, ಅಂದಳು!"

ಖಾನಾವಳಿಗೆ ಖಾನಾವಳಿಯೇ ನಕ್ಕಿತು. ನಾನು ಸೌಟು ಕೆಳಗಿಟ್ಟೆ. "ಗೆದ್ದೆ! ಇದಕ್ಕಿಂತ ದೊಡ್ಡ ಸಾಕು ಅದೇನು, ರಾಯರ?"

ರಾಯರು ಗಂಟಲು ಸರಿ ಮಾಡಿಕೊಂಡರು. "ಪ್ರಾರ್ಥನಾ ಹಿಡಿಯಂಗಿಲ್ರಿ ಅಕ್ಕಾರ. ದೇವರ ಮುಂದ 'ಸಾಕು' ಅನ್ನಾವರು ಯಾರದಾರ? ಎಲ್ಲಾರೂ ಇನ್ನಷ್ಟು ಕೊಡು ಅನ್ನಾವರ."

ವಾದ ಹತ್ತಿತು. ಅದು ಮುಗಿಯುವ ಹಾಗೆ ಕಾಣಲಿಲ್ಲ. ಗಿರಾಕಿಗಳು ಹಸಿದಿದ್ದರು, ಅವರಿಗೆ ಬಡಿಸಿದೆ. ಬಡಿಸಿ ಆದ ಮೇಲೆ ನಾನೂ ಒಂದು ಎಲೆ ಹಾಕಿಕೊಂಡು ಕೂತೆ. ಬೆಳಗಿನಿಂದ ಒಂದು ತುತ್ತು ಇಳಿದಿರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಮೇಡಮ್ಮ ಎದ್ದಳು. ನನ್ನ ಕೈಯಿಂದ ಹೋಳಿಗೆಯ ಬುಟ್ಟಿ ಕಸಿದುಕೊಂಡಳು. ಈ ಸಲ ನಾನು ಬಡಿಸುತ್ತೇನೆ ಎಂದು ಕಣ್ಣಿನಲ್ಲಿಯೇ ಹೇಳಿದಳು. ಒಂದು ಹೋಳಿಗೆ ಹಾಕಿದಳು. ಎರಡನೆಯದನ್ನು ಎತ್ತಿದಳು.

ನಾನು, ಎಂಥವಳು ನಾನು, ಹುಟ್ಟಿನಿಂದ ಬಂದ ರೂಢಿಯಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ತಲೆ ಬಾಗಿಸಿ ಅಂದೆ: "ಸಾಕು, ಸಾಕು."

"ಗುಡ್" ಅಂದಳು ಮೇಡಮ್ಮ.

ತನ್ನ ರಟ್ಟನ್ನು ಒರೆಸಿ ನನ್ನ ಎಲೆಯ ಮೇಲೆ ಇಟ್ಟಳು. ಬುಟ್ಟಿಯನ್ನು ಗಿರಾಕಿಗಳ ಸಾಲಿಗೆ ಒಯ್ದಳು. ಅವಳು ಹೋಳಿಗೆ ಹಾಕಿದ ಹಾಗೆಲ್ಲ ಅವರು ಪಾಠ ಕಲಿತವರ ಹಾಗೆ ಯಾರೂ ಕೈ ಅಡ್ಡ ತರಲಿಲ್ಲ. ನಾನು ತಲೆ ಬಾಗಿಸಿಯೇ ಕೂತಿದ್ದೆ.

ಮಾವ ನನ್ನ ಬಾಜುಕ್ಕೆ ಬಂದು ಕೂತ. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ದಾರಿ ನೋಡಬ್ಯಾಡವಾ. ಆಕಿ ಇನ್ನೊಮ್ಮೆ ಕೇಳಂಗಿಲ್ಲ. ನನಗ ಗೊತ್ತದ."

ರಾಯರು ಬುಟ್ಟಿಯ ಕಡೆಯ ಹೋಳಿಗೆಯನ್ನು ಬಾಯಲ್ಲಿಟ್ಟುಕೊಂಡೇ ತೀರ್ಪು ಕೊಟ್ಟರು: "ಈ ಬೋರ್ಡಿನ ಕೆಳಗ ಇವತ್ತು 'ಸಾಕು' ಅಂದವರು ಒಬ್ಬರ. ಅಕ್ಕಾರು."

ಮರುದಿನ ಬೆಳಿಗ್ಗೆ ಸ್ಟೂಲು ಹಾಕಿ ಹತ್ತಿದೆ. ಗಿರಾಕಿಗಳೆಲ್ಲ ಓಡಿ ಬಂದರು. ರಾಯರು ಸ್ಟೂಲಿನ ಕಾಲು ಹಿಡಿದರು. "ಬ್ಯಾಡ್ರಿ ಅಕ್ಕಾರ, ಚ್ಯಾಷ್ಟಿಗೆ ಅಂದಿದ್ವಿ. ಆ ಪ್ರಾರ್ಥನಾನೂ ಹಿಡೀತೀನಿ, 'ಬ್ಯಾಡ'ನೂ ಹಿಡೀತೀನಿ. ಬೋರ್ಡು ಇರ್ಲಿ."

"ಇಳಸ್ತೀನಿ ಅಂದಿದ್ದೆ, ಇಳಸ್ತೀನಿ."

ಇಳಿಸಿದೆ. ಅವತ್ತು ಮಧ್ಯಾಹ್ನ ರಾಯರು ತಾಟಿನಲ್ಲಿ ಒಂದು ಚೂರು ಬಿಡದೆ ಉಂಡು, ಕಣ್ಣು ತಗ್ಗಿಸಿಕೊಂಡು ಆಫೀಸಿಗೆ ಹೋದರು. ಸಂಜೆ ವಾಪಸು ಬಂದಾಗ ಬೋರ್ಡು ಅದೇ ಮೊಳೆಗೆ ಇತ್ತು.

"ಏನ್ರಿ ಅಕ್ಕಾರ, ಇಳಸ್ತೀನಿ ಅಂದಿದ್ರಿ?"

"ಇಳಸ್ತೀನಿ ಅಂದಿದ್ದೆ, ಇಳಿಸಿದೆ. ಮತ್ತ ಏರಸಂಗಿಲ್ಲ ಅಂತ ಯಾವಾಗ ಅಂದಿದ್ದೆ?"

ರಾಯರು ಕನ್ನಡಕ ಮೇಲೆ ಸರಿಸಿ ಓದಿದರು. "ಸಾಕು ಅನ್ನುವವರೆಗೆ ಊಟ" ಎಂಬ ಹಳೆಯ ಸಾಲು ಹಾಗೆಯೇ ಇತ್ತು. ಅದರ ಕೆಳಗೆ ನನ್ನದೇ ಅಕ್ಷರ, ಬಣ್ಣ ಇನ್ನೂ ಹಸಿ:

"ಒಮ್ಮೆ ಅಂದರೆ ಲೆಕ್ಕಕ್ಕಿಲ್ಲ."